ಕ್ಯಾಸೆಟ್ ಮುಗಿದ ಮೇಲಿನ ನಾಲ್ಕು ನಿಮಿಷ

ಕಾಕಾನ ಕ್ಯಾಸೆಟ್ಟುಗಳ ಮೇಲೆ ಯಾವ ತಂಡದ ಹೆಸರೂ ಇರಲಿಲ್ಲ. ನೀಲಿ ಬಾಲ್‌ಪೆನ್ನಿನಲ್ಲಿ, ಓರೆ ಅಕ್ಷರದಲ್ಲಿ, ಅವರೇ ಬರೆದುಕೊಂಡ ಗುರುತುಗಳಿದ್ದವು: ‘ಏಳು ಮಾತ್ರಿ, ಉದ್ದಂದು’, ‘ನಡುವ ಕೊಳಲು’, ‘ಹೆಂಗಸು ಅಳೂದು’, ‘ತಲಿ ತಿರಗೂದು’. ಎಪ್ಪತ್ತರ ದಶಕದ ಇಂಗ್ಲಿಷ್ ಪ್ರೊಗ್ರೆಸಿವ್ ರಾಕ್ ಸಂಗೀತ, ಭಾಲ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಕಾಕಾನ ಬಾಡಿಗೆ ಮೈಕ್‌ಸೆಟ್ ಅಂಗಡಿಯ ಬಿಸ್ಕೀಟ್ ಡಬ್ಬಿಯೊಳಗೆ, ಹೀಗೆ ನಮ್ಮೂರ ಹೆಸರುಗಳನ್ನು ಇಟ್ಟುಕೊಂಡು ಕೂತಿತ್ತು.

ಅದು ಅಲ್ಲಿಗೆ ಬಂದ ದಾರಿ ಸರಳ. ಮದುವೆಗೆ ಮುಂಚೆ ಕಾಕಾ, ನನ್ನ ಚಿಕ್ಕಪ್ಪ, ಬೀದರಿನಲ್ಲಿ ಕ್ಯಾಸೆಟ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಗಿರಾಕಿಗಳು ತಂದ ಕ್ಯಾಸೆಟ್ಟಿನಿಂದ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವುದು ಅಲ್ಲಿನ ಮುಖ್ಯ ವ್ಯಾಪಾರ. ದೂರದೂರುಗಳಿಂದ ಇಂಜಿನಿಯರಿಂಗ್ ಓದಲು ಬಂದ ಹುಡುಗರು ಈ ಹಾಡುಗಳನ್ನು ತರುತ್ತಿದ್ದರು. ಅವರಿಗೊಂದು ಪ್ರತಿ ಮಾಡಿಕೊಟ್ಟು, ಕಿವಿಗೆ ಹಿಡಿಸಿದ್ದನ್ನು ಕಾಕಾ ತಮಗೂ ಒಂದು ಮಾಡಿಕೊಳ್ಳುತ್ತಿದ್ದರು. ಹೆಸರು ಕೇಳುವ ಗೋಜಿಗೆ ಹೋಗಲಿಲ್ಲ. ಹಾಡಿನವನ ಹೆಸರು ಗೊತ್ತಾದರೆ ಹಾಡು ಬೇರೆ ಕೇಳಿಸುತ್ತದೇನು ಎನ್ನುವುದು ಅವರ ಪ್ರಶ್ನೆ. ಪ್ರಶ್ನೆ ಚೆನ್ನಾಗಿಯೇ ಇತ್ತು, ಹಾಗಾಗಿ ನಾನು ಅದಕ್ಕೆ ಕೈ ಹಾಕಲಿಲ್ಲ.

ಈ ಸಂಗೀತ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಹಾಡು ಮೂರು ನಿಮಿಷಕ್ಕೆ ಮುಗಿಯುವುದಿಲ್ಲ, ಇಪ್ಪತ್ತು ನಿಮಿಷ ಹೋಗುತ್ತದೆ. ಪಲ್ಲವಿ ತಿರುಗಿ ಬರುತ್ತದೆಂಬ ಖಾತರಿಯಿಲ್ಲ. ತಾಳ ಏಳು ಮಾತ್ರೆಯಲ್ಲಿ ಹೊರಟು ಐದಕ್ಕೆ ಇಳಿದು ಹನ್ನೊಂದಕ್ಕೆ ಹತ್ತಬಹುದು. ಗಿಟಾರು, ಆರ್ಗನ್ನು, ಡ್ರಮ್ಮುಗಳ ನಡುವೆ ಯಾವುದೋ ಊರಿನ ದೇವಸ್ಥಾನದಲ್ಲಿ ಸಿಕ್ಕಿಕೊಂಡಂಥ ಒಂದು ಕೋರಸ್ಸು ಎದ್ದು ಮಾಯವಾಗುತ್ತದೆ. ಇದರ ಈ ಕಾಲದ ಕವಲು ನನ್ನದು. ಗಿಟಾರು ಇನ್ನೂ ಕೆಳಗಿನ ಸ್ವರಕ್ಕೆ ಇಳಿದಿದೆ, ಡ್ರಮ್ಮು ಗಡಿಯಾರಕ್ಕಿಂತ ಕಟ್ಟುನಿಟ್ಟು, ಹಾಡುಗಾರ ಒಮ್ಮೆ ಪಿಸುಗುಟ್ಟಿ ಇನ್ನೊಮ್ಮೆ ಗಂಟಲು ಹರಿದುಕೊಳ್ಳುತ್ತಾನೆ. ನಾನು ಬೀದರಿನಲ್ಲಿ ಹುಡುಗಿಯರ ಹಾಸ್ಟೆಲಿನಲ್ಲಿದ್ದು ಕಾನೂನು ಓದುತ್ತಿದ್ದೆ, ಕಾಲೇಜಿನ ಚರ್ಚಾ ತಂಡದಲ್ಲಿದ್ದೆ, ಭಾನುವಾರ ಭಾಲ್ಕಿಗೆ ಬಂದರೆ ವಾದಿಸಲು ಕಾಕಾ ಸಿಗುತ್ತಿದ್ದರು.

ವಾದಕ್ಕೆ ನಿಯಮಗಳಿದ್ದವು, ನಾನೇ ಮಾಡಿದ್ದು. ಅವರ ಒಂದು ಹಾಡು, ನನ್ನ ಒಂದು ಹಾಡು. ಆಮೇಲೆ ಇಬ್ಬರಿಗೂ ಐದೈದು ನಿಮಿಷ. ಕೊನೆಗೆ ಖಂಡನೆ. ತೀರ್ಪುಗಾರ್ತಿ ಕಾಕು, ಅಂದರೆ ಕಾಕಾನ ಹೆಂಡತಿ. ಅಂಗಡಿಯ ಹಿಂಬಾಗಿಲು ಅಡುಗೆಮನೆಗೆ ತೆರೆದುಕೊಳ್ಳುತ್ತಿದ್ದುದರಿಂದ ಅವರು ಎದ್ದು ಬರುವ ಅಗತ್ಯವಿರಲಿಲ್ಲ.

“ಕಾಕಾ, ನೀವು ಹಾಡು ಕೇಳಲತ್ತಿಲ್ಲರಿ, ನಿಮ್ಮ ಇಪ್ಪತ್ತೆರಡನೇ ವಯಸ್ಸು ಕೇಳಲತ್ತೀರಿ,” ಎಂದು ನಾನು ಶುರುಮಾಡಿದ್ದೆ.

“ಇರಲಿ. ನೀ ಏನ್ ಕೇಳಲತ್ತಿ? ಮಿಕ್ಸರಿನೊಳಗ ಖಾರ ರುಬ್ಬೂದು.”

“ಅದು ಹದಿಮೂರು ಮಾತ್ರಿದು. ಎಣಸ್ರಿ ಬೇಕಾದ್ರ.”

“ಎಣಸೂದು ನನಗ ಕಲಸ್ತಿ? ಭಜನಿಯೊಳಗ ಏಳು ಮಾತ್ರಿಗಿ ಕಣ್ಣು ಮುಚ್ಚಿ ತಾಳ ಹಾಕಿದವ ನಾ. ಎಣಿಕಿ ಬರೋಬ್ಬರಿ ಅದ ಬೇ. ಆದ್ರ ಬಾರಸಂವ ಎಲ್ಲಿದ್ದಾನ? ಒಮ್ಮಿನೂ ತಪ್ಪಂಗಿಲ್ಲ. ಹಿಂಗ ತಪ್ಪಲಾರದಂವ ಮನಷ್ಯಾ ಹ್ಯಾಂಗಾದಾನು?”

ತಮ್ಮ ಸಾಕ್ಷಿಯಾಗಿ ಅವರು ‘ಏಳು ಮಾತ್ರಿ, ಉದ್ದಂದು’ ಹಾಕಿದರು. ಹನ್ನೆರಡನೇ ನಿಮಿಷದ ಹತ್ತಿರ ಬೆರಳು ಮೇಲೆತ್ತಿದರು. “ಇಲ್ಲಿ. ಇಲ್ಲಿ ಡ್ರಮ್ಮಿನಂವ ಜರಾ ಅವಸರ ಮಾಡ್ದ ನೋಡು. ಉಳದವ್ರು ಅವನ್ನ ಹಿಡದ್ರು. ಇದಕ್ಕ ಕೂಡಿ ಬಾರಸೂದು ಅಂತಾರ.”

“ತಪ್ಪು ಮಾಡೂದೇ ದೊಡ್ಡಸ್ತಿಕಿ ಆದ್ರ ಔರಾದ ಬಸ್ಸಿಗೂ ಒಂದು ಶಾಲು ಹೊದಸ್ರಿ ಕಾಕಾ, ದಿನಾ ಟೈಮ್ ತಪ್ಪತದ.”

ಒಳಗಿನಿಂದ ತೀರ್ಪು ಬಂತು. “ನಂದು ಎಂಟು ರೊಟ್ಟಿ ಬಡದಾತು. ನಿಮ್ಮಿಬ್ಬರ ಹಾಡೂ ಮುಗೀಲಿಲ್ಲ. ಇಬ್ಬರೂ ಸೋತ್ರಿ, ಏಳ್ರಿ ಉಣ್ಣಾಕ.”

ಹೀಗೆ ಒಂದು ವರ್ಷ ನಡೆಯಿತು. ನನ್ನ ವಾದಗಳನ್ನು ನಾನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ಹಳೆಯ ತಂಡಗಳಲ್ಲಿ ಪ್ರದರ್ಶನದ ಚಪಲ ಬಹಳ. ಕೀಬೋರ್ಡಿನವನು ತನ್ನ ಹತ್ತು ಬೆರಳೂ ಇವೆಯೆಂದು ಖಚಿತಪಡಿಸಲು ಆರು ನಿಮಿಷ ತೆಗೆದುಕೊಳ್ಳುತ್ತಾನೆ. ಸಾಹಿತ್ಯವೋ, ನಕ್ಷತ್ರಗಳು, ರಾಜರು, ಸಮುದ್ರ. ಈಗಿನವರು ಮರೆವು ಹಿಡಿದ ತಂದೆಯ ಬಗ್ಗೆ, ನಿದ್ದೆ ಬಾರದ ವಾರಗಳ ಬಗ್ಗೆ ಹಾಡುತ್ತಾರೆ. ಆದರೆ ಕಾಕಾ ಒಂದು ಮಾತು ಹೇಳುತ್ತಿದ್ದರು. ಹಳೆಯದು ತಗ್ಗಿ ಏಳುತ್ತದೆ, ಏನೂ ಇಲ್ಲವೆನ್ನುವಷ್ಟು ಸಣ್ಣಗಾಗಿ ಮತ್ತೆ ಬೆಳೆಯುತ್ತದೆ. ನನ್ನದು ಮೊದಲಿನಿಂದ ಕೊನೆಯವರೆಗೆ ಒಂದೇ ಎತ್ತರದ ಗೋಡೆ. “ಉಸರ ಬಿಡ್ಲಾಕ ಜಾಗಾನೇ ಇಟ್ಟಿಲ್ಲಲ್ಲ ಮಂದಿ,” ಅನ್ನುತ್ತಿದ್ದರು. ನಾನು ವಿಷಯ ಬದಲಿಸುತ್ತಿದ್ದೆ.

ಅಂಕಗಳನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಡುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಒಂದು ನಿಯಮವಿದೆ: ಎದುರಾಳಿ ಉತ್ತರಿಸದೆ ಬಿಟ್ಟ ಅಂಶವನ್ನು ಅವನು ಒಪ್ಪಿಕೊಂಡ ಎಂದೇ ಲೆಕ್ಕ. ಆ ಬೇಸಿಗೆಯ ಹೊತ್ತಿಗೆ ಕಾಕಾ ಬಿಟ್ಟುಬಿಡುವ ಅಂಶಗಳು ಹೆಚ್ಚಾಗುತ್ತಿದ್ದವು. ನಾನು ಬೆನ್ನು ತಿರುಗಿಸಿ ಕ್ಯಾಸೆಟ್ ಹುಡುಕುತ್ತ ಹೇಳಿದ ಮಾತಿಗೆ ಅವರಿಂದ ಉತ್ತರವೇ ಬರುತ್ತಿರಲಿಲ್ಲ. ಒಂದೊಂದು ಮಾತಿಗೆ ನಗುತ್ತಿದ್ದರು, ನಗುವ ಮಾತಲ್ಲದಿದ್ದರೂ. ಹಾಡು ಹಾಕುವ ಮಶೀನಿನ ವಾಲ್ಯೂಮ್ ಗುಂಡಿಯ ಪಕ್ಕ, ಇಷ್ಟಕ್ಕೆ ಸಾಕು ಎಂದು ಅವರೇ ಹಿಂದೊಮ್ಮೆ ಗೀರಿದ ಗೆರೆಯಿತ್ತು. ಈಗ ಗುಂಡಿಯ ಮುಳ್ಳು ಅದನ್ನು ದಾಟಿ ಎರಡು ಬೆರಳು ಮುಂದೆ ನಿಲ್ಲುತ್ತಿತ್ತು. ಗಿರಾಕಿಗಳ ಫೋನು ಬಂದರೆ ಕಾಕು ಹಿಟ್ಟಿನ ಕೈಯಲ್ಲೇ ಓಡಿಬಂದು ಎತ್ತಿಕೊಳ್ಳುತ್ತಿದ್ದರು. ನನ್ನ ಗೆಲುವುಗಳ ಪಟ್ಟಿ ಬೆಳೆಯುತ್ತಿತ್ತು, ಹಾಗಾಗಿ ಇವನ್ನೆಲ್ಲ ನಾನು ನೋಡಿಯೂ ನೋಡಲಿಲ್ಲ.

‘ಏಳು ಮಾತ್ರಿ, ಉದ್ದಂದು’ ಕಾಕಾನ ಪ್ರಕಾರ ಜಗತ್ತಿನ ಅತ್ಯಂತ ಧೈರ್ಯದ ಹಾಡು. ಅದರ ಕೊನೆಗಾಗಿಯೇ. ಎಲ್ಲ ವಾದ್ಯಗಳೂ ಎತ್ತರಕ್ಕೆ ಹತ್ತುತ್ತಿರುವಾಗ, ಒಂದು ಸಾಲಿನ ನಡುವೆ, ಕೊಡಲಿಯಿಂದ ಕಡಿದ ಹಾಗೆ ಹಾಡು ನಿಂತುಬಿಡುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಅವರು ತೊಡೆಯ ಮೇಲೆ ಅಂಗೈ ಬಡಿಯುತ್ತಿದ್ದರು. “ಮುಂದೇನಾತು ಅಂತ ಹೇಳಂಗಿಲ್ಲ. ನಿಮ್ಮವ್ರಿಗಿ ಇಷ್ಟು ಧೈರ್ಯ ಅದ?”

ನನಗೆ ಸಂಶಯ ಬಂತು. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿ ಅಂದರೆ ಮೂವತ್ತು ನಿಮಿಷ. ಅದೇ ಬದಿಯಲ್ಲಿ ಈ ಹಾಡಿಗೆ ಮುಂಚೆ ಇನ್ನೊಂದು ಇತ್ತು. ಎರಡನ್ನೂ ಕೂಡಿಸಿದರೆ ಬದಿ ತುಂಬಿಹೋಗುತ್ತಿತ್ತು. ಕಾಕಾ ನಲವತ್ತು ವರ್ಷ ಕೊಂಡಾಡಿದ್ದು ಸಂಗೀತಗಾರನ ಧೈರ್ಯವನ್ನಲ್ಲ, ಅವರೇ ಆರಿಸಿದ ಸಣ್ಣ ಕ್ಯಾಸೆಟ್ಟಿನ ಅಳತೆಯನ್ನು. ಕಿವಿಗೆ ಸಿಕ್ಕ ನಾಲ್ಕಾರು ಇಂಗ್ಲಿಷ್ ಪದಗಳನ್ನು ಹಿಡಿದು ಎರಡು ವಾರ ಹುಡುಕಿದೆ. ಸಿಕ್ಕಿತು. ಇನ್ನೂ ನಾಲ್ಕು ನಿಮಿಷ ಉಳಿದಿತ್ತು.

ಆ ಭಾನುವಾರ ಭಾಲ್ಕಿಗೆ ಹೋದದ್ದು ಕೋರ್ಟಿಗೆ ಹೋದ ಹಾಗೆ. ಫೋನಿಗೆ ವೈರು ಹಾಕಿ ಅವರ ಮಶೀನಿಗೆ ಜೋಡಿಸಿದೆ. “ನಿಮ್ಮ ಹಾಡೇ ಹಾಕ್ತೇನಿ ಇವತ್ತ, ಪೂರಾ,” ಎಂದೆ. ಕಾಕಾ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಅವಸರದ ಜಾಗದಲ್ಲಿ ಬೆರಳು ಎತ್ತಿದರು. ಕಡಿತದ ಜಾಗದಲ್ಲಿ ಅಂಗೈ ತೊಡೆಗೆ ಬಿತ್ತು. ಹಾಡು ನಿಲ್ಲಲಿಲ್ಲ. ಅವರು ಕಣ್ಣು ತೆರೆದು ಮಶೀನಿನ ಕಡೆ ನೋಡಿದರು, ಮನೆಗೆ ಗೊತ್ತಿಲ್ಲದವರು ಹೊಕ್ಕಾಗ ನೋಡುವ ಹಾಗೆ.

ಅರ್ಧ ನಿಮಿಷ ವಾದ್ಯಗಳು ಮೇಲೇರಿ ಒಂದೊಂದೇ ಬಿಟ್ಟುಹೋದವು. ಉಳಿದದ್ದು ಕೊಳಲೊಂದೇ, ಬಹಳ ಮೇಲಿನ ಸ್ವರದಲ್ಲಿ, ಬಹಳ ಮೆಲ್ಲಗೆ. ಅದರ ಹಿಂದೆ ಸಣ್ಣ ಗಂಟೆಗಳು. ನಿಜ ಹೇಳಬೇಕೆಂದರೆ ಇಡೀ ಹಾಡಿನಲ್ಲಿ ನನಗೆ ಹಿಡಿಸಿದ ಭಾಗ ಅದೊಂದೇ.

“ಮುಗೀತಲ್ಲ?” ಅಂದರು ಕಾಕಾ.

“ಇಲ್ಲರಿ, ನಡದದ.”

“ಏನ್ ನಡದದ? ಖಾಲಿ ಅದ.”

“ಖಾಲಿ?” ನನಗೆ ಕುಣಿಯುವಷ್ಟು ಖುಷಿಯಾಯಿತು. “ತಗ್ಗಿ ಏಳ್ತದ, ಉಸರ ಬಿಡ್ಲಾಕ ಜಾಗ ಅದ ಅಂತಿದ್ರಿ. ಆ ಜಾಗ ಬಂದದ ನೋಡ್ರಿ ಈಗ, ಅದಕ್ಕೇ ಖಾಲಿ ಅಂತೀರಿ. ನಿಮಗ ಬೇಕಾಗಿದ್ದು ಹಾಡಲ್ಲರಿ ಕಾಕಾ, ನಿಮ್ಮ ಕ್ಯಾಸೆಟ್ಟು. ಕೇಸ್ ಮುಗೀತು.”

ಕಾಕಾ ಗುಂಡಿಯ ಹತ್ತಿರ ಕೈ ಒಯ್ದು ಇನ್ನಷ್ಟು ತಿರುಗಿಸಿದರು. ಕೊಳಲು ಅಂಗಡಿಯ ತಗಡಿಗೆ ಬಡಿದು ನನ್ನ ಹಲ್ಲಿನ ಬೇರಿಗೆ ಇಳಿಯಿತು. ಅವರು ತಲೆ ಓರೆ ಮಾಡಿ ಕಾಯುತ್ತಲೇ ಇದ್ದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಕಾಕು ಬಾಗಿಲಿಗೆ ಬಂದು ನಿಂತು ಹಾಡನ್ನೂ ಕಾಕಾನನ್ನೂ ಬಿಟ್ಟು ನನ್ನನ್ನೇ ನೋಡುತ್ತಿದ್ದರು.

“ಸಾಕು ಬಂದ್ ಮಾಡವ್ವಾ,” ಅಂದರು. “ಇವತ್ತ ತೀರ್ಪು ಇಲ್ಲ.”

ಬೀದರಿಗೆ ಮರಳುವ ಬಸ್ಸಿನಲ್ಲಿ ನಾನೇ ತೀರ್ಪು ಬರೆದುಕೊಂಡೆ. ಎರಡು ಬಾರಿ ಅಡಿಗೆರೆ ಎಳೆದೆ.

ಮುಂದಿನ ತಿಂಗಳು ಔರಾದದ ಹತ್ತಿರದ ಒಂದು ಸರಕಾರಿ ಶಾಲೆಯಲ್ಲಿ ನಿವೃತ್ತರಾಗುವ ಮಾಸ್ತರರಿಗೆ ಸನ್ಮಾನವಿತ್ತು. ಮೈಕ್‌ಸೆಟ್ ಕಾಕಾನದು. ಕಾಕು ನನಗೆ ಫೋನು ಮಾಡಿ, “ನೀನೂ ಜೊತಿಗಿ ಹೋಗು” ಎಂದರು. ಯಾಕೆಂದು ಕೇಳಿದರೆ, “ಸುಮ್ಮನ. ಹೋಗು” ಎಂದಷ್ಟೇ. ಬೆಳಿಗ್ಗೆ ಹತ್ತರ ಬಿಸಿಲಿಗೆ ಅಂಗಳದ ಬೇವಿನ ಮರಕ್ಕೆ ಎರಡು ಭೋಂಗಾ ಕಟ್ಟಿದೆವು. ಆ ಗಾಲಿಯಗಲದ ಬಾಯಿಯ ಲೌಡ್‌ಸ್ಪೀಕರುಗಳನ್ನು ನಮ್ಮ ಕಡೆ ಎಲ್ಲರೂ ಭೋಂಗಾ ಅಂತಲೇ ಕರೆಯುವುದು. ವೇದಿಕೆಯ ಪಕ್ಕ ದೊಡ್ಡ ಸ್ಪೀಕರ್ ಬಾಕ್ಸೊಂದು. ಅದಕ್ಕೆ ಮೊಣಕಾಲು ತಗಲುವಷ್ಟು ಹತ್ತಿರ ಕಾಕಾನ ಕುರ್ಚಿ. ಮೂವತ್ತು ವರ್ಷದಿಂದ ಅವರ ಕುರ್ಚಿ ಇರುತ್ತಿದ್ದುದು ಅಲ್ಲಿಯೇ.

ಮಾಸ್ತರರು ಮಾತು ಶುರುಮಾಡಿ ಎರಡು ನಿಮಿಷಕ್ಕೆ ಮೈಕ್ ಸೀಟಿ ಹೊಡೆಯಲಾರಂಭಿಸಿತು. ಭೋಂಗಾದ ಸದ್ದು ತಿರುಗಿ ಮೈಕಿಗೇ ಹೊಕ್ಕರೆ ಹೀಗಾಗುತ್ತದೆ. ಮೊದಲು ಎಳೆಯಷ್ಟು ಸಣ್ಣದು. ಮಂದಿಗೆ ಗೊತ್ತಾಗುವ ಮೊದಲೇ ಕಾಕಾನ ಕೈ ಗುಂಡಿಯ ಮೇಲಿರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಈ ಭಾಗದಲ್ಲಿ ಅವರ ಮೈಕಿಗೆ ಬೇಡಿಕೆ ಇದ್ದದ್ದೇ ಅದಕ್ಕೆ, ಅವರ ಮೈಕ್ ಸೀಟಿ ಹೊಡೆಯುವುದಿಲ್ಲ ಅಂತ. ಅವತ್ತು ಅವರು ಮಶೀನಿನ ಮೇಲೆ ಕೈಯಿಟ್ಟು ಮಾಸ್ತರರ ಕಡೆ ನೋಡಿ ಮುಗುಳ್ನಗುತ್ತಿದ್ದರು. ಸೀಟಿ ದಪ್ಪಗಾಯಿತು. ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡರು. ಒಬ್ಬ ತಾಯಿ ಕೂಸಿನ ತಲೆಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬೇವಿನಿಂದ ಕಾಗೆಗಳು ಎದ್ದವು. ಮಂದಿ ಮುಖ ಕಿವಿಚಿದ್ದು ಕಾಕಾನಿಗೆ ಕಂಡಿತು. ಮಾತು ಕೇಳಿಸುತ್ತಿಲ್ಲವೆಂದು ತಿಳಿದು ಅವರು ಗುಂಡಿಯನ್ನು ಮೇಲಕ್ಕೆ ತಿರುಗಿಸಿದರು.

ನಾನು ಓಡಿಹೋಗಿ ಸ್ವಿಚ್ಚು ಬಂದ್ ಮಾಡಿದೆ.

“ಯಾಕ ಬಂದ್ ಮಾಡಿದಿ? ತಲಿ ಗಿಲಿ ಅದ ಇಲ್ಲ?”

ನಾನು ಬಾಯಿ ತೆರೆಯುವ ಮೊದಲು ಹಿಂದಿನ ಸಾಲಿನಿಂದ ಯಾರೋ ಕೂಗಿದರು. “ಏನ್ರಿ ಮೈಕಿನವ್ರೇ, ಕಿವ್ಯಾಗ ಹತ್ತಿ ಇಟಗೊಂಡು ಬಂದೀರೇನು?” ಅಂಗಳವೆಲ್ಲ ನಕ್ಕಿತು. ಕಾಕಾ ನಕ್ಕವರ ಮುಖಗಳನ್ನು ಒಂದು ಕ್ಷಣ ನೋಡಿದರು. ಆಮೇಲೆ ತಾವೂ ನಕ್ಕರು.

ಆ ಒಂದು ಕ್ಷಣ ತಡವಾಯಿತಲ್ಲ, ಅಲ್ಲಿ ನನಗೆ ಎಲ್ಲ ತಿಳಿಯಿತು. ಕ್ಯಾಸೆಟ್ಟಿನ ಹಾಡುಗಳನ್ನು ಅವರು ಕೇಳುತ್ತಿರಲಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದರು. ಎಲ್ಲಿ ಅವಸರ, ಎಲ್ಲಿ ಕಡಿತ, ಎಲ್ಲವೂ ತಲೆಯೊಳಗೇ ಓಡುತ್ತಿತ್ತು. ಆ ನಾಲ್ಕು ನಿಮಿಷ ಮಾತ್ರ ತಲೆಯೊಳಗೆ ಇರಲಿಲ್ಲ. ಹಾಗಾಗಿ ಅದು ಖಾಲಿ. ಮತ್ತು ನನ್ನ ನೋಟ್‌ಬುಕ್ಕಿನ ಹಾಳೆಯಲ್ಲಿ, ಉತ್ತರಿಸದೆ ಒಪ್ಪಿಕೊಂಡರೆಂದು ನಾನು ಬರೆದುಕೊಂಡ ಅಂಶಗಳಲ್ಲಿ ಎಷ್ಟು ಅವರ ಕಿವಿಯನ್ನು ಮುಟ್ಟಿದ್ದವು? ಕಿವಿಗೆ ಬೀಳದ ಮಾತಿನಿಂದ ಯಾರನ್ನೂ ಸೋಲಿಸಲಾಗುವುದಿಲ್ಲ. ಆ ಹಾಳೆಯನ್ನು ಹರಿಯುವ ನಾಟಕ ನಾನು ಮಾಡಲಿಲ್ಲ. ಅದು ಇನ್ನೂ ಇದೆ.

ಸಂಜೆ ಭಾಲ್ಕಿಯಲ್ಲಿ ಕಾಕಾ ಸ್ನಾನಕ್ಕೆ ಹೋದಾಗ ಕಾಕು ತಾವಾಗಿಯೇ ಹೇಳಿದರು. “ವರ್ಷದ ಮ್ಯಾಲಾತು.”

“ಮತ್ತ ಯಾಕ ಹೇಳಿಲ್ಲರಿ?”

“ಕಿವಿ ಹೋದವಗ ಮೈಕ್ ಕೆಲಸ ಯಾರ್ ಕೊಡ್ತಾರ? ಊರಿಗೆಲ್ಲಾ ಸುದ್ದಿ ಹಬ್ಬಿದ್ರ ಅಂಗಡಿ ಬಾಗಲಾ ಹಾಕೂದೇ. ಅವ್ರಿಗಿ ಗೊತ್ತದ. ನನಗ ಗೊತ್ತಿಲ್ಲಂತ ತಿಳದಾರ. ನಾನೂ ಹಂಗೇ ಇದ್ದೇನಿ.” ಬಚ್ಚಲ ಬಾಗಿಲ ಕಡೆ ನೋಡಿ, “ನೀ ಅವ್ರನ್ನ ಮಾತಿನ್ಯಾಗ ಹಿಡದು ಹಿಡದು ಬಡೀತಿದ್ದಿ. ನೋಡಲಾಗತಿದ್ದಿಲ್ಲ ನನಗ,” ಅಂದರು.

ಕಿವಿಯ ಪರೀಕ್ಷೆಗೆ ಕಾಕಾನನ್ನು ಒಪ್ಪಿಸಿದ್ದು ನಾನು, ನನಗೆ ಗೊತ್ತಿರುವ ಒಂದೇ ವಿದ್ಯೆಯಿಂದ. ಬೀದರಿಗೆ ಬರ್ರಿ, ಕಿವಿ ಬರೋಬ್ಬರಿ ಇದ್ದರ ನಾ ಸೋತೆ ಅಂತ ಬರದು ಸಹಿ ಹಾಕಿ ಕೊಡ್ತೇನಿ, ಎಂದೆ. ಅವರು ಗೆಲ್ಲಲೆಂದೇ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು.

ಬೀದರಿನ ಒಂದು ಖಾಸಗಿ ಕೇಂದ್ರದಲ್ಲಿ ಗೋಡೆಗೆಲ್ಲ ಮೆತ್ತನೆಯ ಹೊದಿಕೆ ಹಾಕಿದ ಒಂದು ಪುಟ್ಟ ಕೋಣೆಯಿತ್ತು, ಅದಕ್ಕೊಂದು ಗಾಜಿನ ಕಿಟಕಿ. ಕಾಕಾ ಒಳಗೆ, ಹೆಡ್‌ಫೋನ್ ಹಾಕಿಕೊಂಡು. ಪರೀಕ್ಷೆ ಮಾಡುವ ಹೆಣ್ಣುಮಗಳು ಹೊರಗೆ, ಮಶೀನಿನ ಮುಂದೆ. ಆಕೆಯ ಹಿಂದೆ ನಾನು. ಸದ್ದು ಕೇಳಿದರೆ ಬೆರಳು ಎತ್ತಬೇಕು, ಅಷ್ಟೇ. ಕಾಕಾನ ಬೆರಳು ಚಕಚಕನೆ ಏಳತೊಡಗಿತು. ಒಂದೂ ತಪ್ಪಲಿಲ್ಲ. ಎಂಟೋ ಹತ್ತೋ ಆದ ಮೇಲೆ ನಾನು ಅವರ ಕಣ್ಣು ನೋಡಿದೆ. ಅವು ಆ ಹೆಣ್ಣುಮಗಳ ಬಲಗೈ ಮೇಲಿದ್ದವು. ಗುಂಡಿ ಒತ್ತಿದಾಗೆಲ್ಲ ಆಕೆಯ ಭುಜ ಕೂದಲೆಳೆಯಷ್ಟು ಅಲುಗುತ್ತಿತ್ತು. ಕಾಕಾ ಕೇಳುತ್ತಿದ್ದುದು ಭುಜವನ್ನು.

ಸುಮ್ಮನಿರಬಹುದಿತ್ತು. ಚೀಟಿಯ ಮೇಲೆ ‘ಕಿವಿ ಸರಿ ಇದೆ’ ಎಂದು ಬರುತ್ತಿತ್ತು, ಅಂಗಡಿ ನಡೆಯುತ್ತಿತ್ತು, ಕಾಕಾ ಅದನ್ನು ಕಟ್ಟು ಹಾಕಿಸಿ ಗೋಡೆಗೆ ಹೊಡೆಯುತ್ತಿದ್ದರು. ಮತ್ತೆ ಬಾಕ್ಸಿನ ಪಕ್ಕದ ಕುರ್ಚಿಗೆ ಹೋಗಿ ಕೂತು, ಉಳಿದಷ್ಟನ್ನೂ ಕಳೆದುಕೊಳ್ಳುತ್ತಿದ್ದರು. ಇನ್ನೂ ಮೂರು ಬಾರಿ ಬೆರಳು ಎದ್ದಿತು. ನಾನು ಮೂರೂ ಬಾರಿ ಸುಮ್ಮನಿದ್ದೆ. ನಾಲ್ಕನೆಯದಕ್ಕೆ ಬಾಯಿಬಿಟ್ಟೆ.

“ಮೇಡಂ, ಅವರ ಮುಖ ಗೋಡಿ ಕಡಿ ಮಾಡಿ ಕೂಡಸ್ರಿ.”

ಗಾಜಿನಾಚೆಗೆ ನನ್ನ ಮಾತು ಹೋಗುವಂತಿರಲಿಲ್ಲ. ಆದರೂ ಕಾಕಾ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆಕೆ ಒಳಗೆ ಹೋಗಿ ಕುರ್ಚಿ ತಿರುಗಿಸುವವರೆಗೂ ನೋಡುತ್ತಿದ್ದರು. ಆಮೇಲೆ ನನಗೆ ಕಂಡದ್ದು ಇಸ್ತ್ರಿಯ ಗೆರೆ ಮುರಿಯದ ಅವರ ಬೆನ್ನು, ಮತ್ತು ತೊಡೆಯ ಮೇಲಿನ ಕೈ. ದಪ್ಪ ಸದ್ದುಗಳಿಗೆ ಬೆರಳು ಎದ್ದಿತು. ಆಮೇಲೆ ತಡವಾಗಿ ಎದ್ದಿತು. ಮೇಲಿನ ಸ್ವರಗಳಿಗೆ ಬಂದಾಗ ಆಕೆ ಒತ್ತಿದರು, ಏರಿಸಿ ಒತ್ತಿದರು, ಮತ್ತೆ ಏರಿಸಿ ಒತ್ತಿದರು. ಬೆರಳು ಅಲ್ಲೇ ಬಿದ್ದಿತ್ತು. ಪರೀಕ್ಷೆಯ ಹಾಳೆಯ ಮೇಲಿನ ಗೆರೆ ಸ್ವಲ್ಪ ದೂರ ಸಪಾಟಾಗಿ ಹೋಗಿ, ಬೀದರಿನ ದಿಬ್ಬ ಇಳಿಯುವ ರಸ್ತೆಯ ಹಾಗೆ ಕೆಳಕ್ಕೆ ಬಿತ್ತು.

“ಹೋಗಿದ್ದು ತಿರುಗಿ ಬರಂಗಿಲ್ಲರಿ,” ಆಕೆ ಕಾಕಾನ ಎದುರು ಕೂತು ಬಿಡಿಸಿ ಬಿಡಿಸಿ ಹೇಳಿದರು. “ಇದ್ದದ್ದು ಉಳಸ್ಕೊಬೇಕು. ಬಾಕ್ಸಿನ ಬಾಜೂಕ ಕೂಡೂದು ಬಿಡ್ರಿ. ಕಿವಿಗಿ ಮಶೀನ್ ಹಾಕ್ಕೊಂಡ್ರ ಮಾತು ತಿಳೀತದ.”

“ಕೊಳಲು?” ಅಂದರು ಕಾಕಾ.

ಆಕೆಗೆ ಅರ್ಥವಾಗಲಿಲ್ಲ. ನನಗಾಯಿತು. ನಾನು ಭಾಷಾಂತರಿಸಿದೆ. ಆಕೆ ಹಾಳೆಯ ಗೆರೆ ನೋಡಿ, “ಅದು ಹೇಳ್ಲಾಕ ಬರಂಗಿಲ್ಲರಿ,” ಅಂದರು. ಕಾಕಾ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿ ಇಟ್ಟುಕೊಂಡರು. ನನ್ನ ಕಡೆ ನೋಡಲಿಲ್ಲ.

ಹೊರಡಲು ಎದ್ದಾಗ ಆಕೆ ನನ್ನ ಕೊರಳಿಗೆ ಕೈ ತೋರಿಸಿದರು. “ನೀವು ದಿನಾ ಎಷ್ಟು ತಾಸು ಹಾಕ್ತೀರಿ ಆ ಇಯರ್‌ಫೋನ್? ಕೂಡ್ರಿ, ಹತ್ತು ನಿಮಿಷದ ಕೆಲಸ.”

ನಾನು ಮೂರು ಅಂಶ ಮಂಡಿಸಿದೆ. ಒಂದು, ನನ್ನ ವಯಸ್ಸು. ಎರಡು, ಭೋಂಗಾಕ್ಕೂ ಇಯರ್‌ಫೋನಿಗೂ ಹೋಲಿಕೆ ತಾರ್ಕಿಕವಾಗಿ ನಿಲ್ಲುವುದಿಲ್ಲ. ಮೂರು, ಯಾವ ತೊಂದರೆಯೂ ಕಾಣದವರನ್ನು ಪರೀಕ್ಷಿಸುವುದಕ್ಕೆ ಆಧಾರವಿಲ್ಲ. ಚೆನ್ನಾಗಿಯೇ ಮಂಡಿಸಿದೆನೆಂದು ನೆನಪು. ಕಾಕಾ ಮಾತ್ರ ಆ ಅವಸರದ ಇಂಗ್ಲಿಷು ಕನ್ನಡ ಬೆರೆತ ಮಾತಿನಲ್ಲಿ ಒಂದನ್ನೂ ಹಿಡಿಯಲಾಗದೆ ನನ್ನ ತುಟಿಗಳನ್ನೇ ನೋಡುತ್ತ ನಿಂತಿದ್ದರು. ನಾನು ಮುಗಿಸಿದ ಮೇಲೆ ಆ ಕೋಣೆಯ ಬಾಗಿಲು ತೆರೆದು, ಹೆಗಲ ಟವೆಲಿನಿಂದ ಕುರ್ಚಿ ಒರೆಸಿದರು.

“ಕೂಡು,” ಅಂದರು.

ಕೂತೆ. ಆ ಹೆಣ್ಣುಮಗಳು ನನಗೆ ಹೆಡ್‌ಫೋನ್ ಏರಿಸಿ ಬಾಗಿಲು ಹಾಕಿದರು. ಫ್ಯಾನಿಲ್ಲ, ಆಟೋಗಳಿಲ್ಲ, ಹಾಸ್ಟೆಲಿನ ಹುಡುಗಿಯರಿಲ್ಲ. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ನಾನು ಯಾವತ್ತೂ ಕೂತಿರಲಿಲ್ಲ. ಎಡಗಿವಿಯಲ್ಲಿ ಒಂದು ಸದ್ದು ಬಂತು. ಸಣ್ಣದು, ಬಹಳ ಮೇಲಿನ ಸ್ವರ, ಒಂದೇ ಎತ್ತರ. ನಾನು ಬೆರಳು ಎತ್ತಿದೆ.

ಗಾಜಿನಾಚೆ ಆ ಹೆಣ್ಣುಮಗಳು ನನ್ನ ಬೆರಳು ನೋಡಿ, ಮೈಕಿನ ಹತ್ತಿರ ಬಾಗಿದರು. ಹೆಡ್‌ಫೋನಿನಲ್ಲಿ ಅವರ ದನಿ ಕೇಳಿತು.

“ಇನ್ನಾ ಶುರು ಮಾಡಿಲ್ಲರಿ.”

ಬೆರಳು ಇಳಿಸಿದೆ. ಆಕೆಯ ಹಿಂದೆ, ನಾನು ಕೂತಿದ್ದ ಜಾಗದಲ್ಲಿ, ಕಾಕಾ ಕುರ್ಚಿಯಿಂದ ಎದ್ದು ನಿಂತಿದ್ದರು. ಎಡಗಿವಿಯೊಳಗೆ ಸದ್ದು ಇನ್ನೂ ಇತ್ತು.